ಕಡಲೂರಿನ ಬೀದಿಯಲ್ಲಿ ಮೊಬೈಲ್ ಫೋಟೋ ತೆಗೆದರೆ ಕೇಸ್ ಆಗುತ್ತಾ? ಪ್ರವಾಸ ಹೊರಟವರು ತಿಳಿದಿರಬೇಕಾದ ನಿಜ–ಸುಳ್ಳು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಕಡಲು ತೀರಾ ದೂರವೇನಲ್ಲ. ಬೆಳಗಿನ ಜಾವ ಗಾಡಿ ಹತ್ತಿದರೆ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು, ಮಧ್ಯಾಹ್ನದ ಊಟಕ್ಕೆ ಮಂಗಳೂರು ಸೇರಬಹುದು. ರಥಬೀದಿ, ಹಂಪನಕಟ್ಟೆ, ಬಂದರಿನ ದಕ್ಕೆ, ಸುಲ್ತಾನ್ ಬತ್ತೇರಿ, ತಣ್ಣೀರುಬಾವಿ ಹೀಗೆ ಕಾಲು ಹೋದ ಕಡೆ ಸುತ್ತುತ್ತಾ ಮೊಬೈಲ್‌ನಲ್ಲಿ ಫೋಟೋ ತೆಗೆಯುವುದು ಈಗ ಪ್ರವಾಸದ ಒಂದು ಭಾಗವೇ ಆಗಿದೆ.

ಇದರ ಜೊತೆಗೇ ಹತ್ತಾರು ಮಾತುಗಳು ಫೋನಿಂದ ಫೋನಿಗೆ ಹರಿದಾಡುತ್ತವೆ. "ಅನುಮತಿ ಇಲ್ಲದೆ ಫೋಟೋ ತೆಗೆದರೆ ಜೈಲು", "ರಸ್ತೆಯಲ್ಲಿ ಯಾರ ಫೋಟೋ ಬೇಕಾದರೂ ತೆಗೆಯಬಹುದು, ಯಾರೂ ಕೇಳುವಂತಿಲ್ಲ", "ಫೋಟೋ ಕಳಿಸಿದರೆ ಮನೆ ವಿಳಾಸ ಗೊತ್ತಾಗುತ್ತದೆ", "ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿಡಿ". ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಒಂದೊಂದಾಗಿ ನೋಡೋಣ.

ಮೊದಲೇ ಚುಟುಕಾಗಿ:

- ಸಾರ್ವಜನಿಕ ಸ್ಥಳದಲ್ಲಿ ಫೋಟೋ ತೆಗೆಯುವುದನ್ನು ಒಟ್ಟಾರೆಯಾಗಿ ನಿಷೇಧಿಸುವ ಕಾನೂನು ಭಾರತದಲ್ಲಿಲ್ಲ.
- ಆದರೆ ಯಾರನ್ನು, ಹೇಗೆ ತೆಗೆದಿರಿ, ಆಮೇಲೆ ಆ ಫೋಟೋವನ್ನು ಏನು ಮಾಡಿದಿರಿ ಎಂಬುದರ ಮೇಲೆ ಅದು ಅಪರಾಧವಾಗಬಹುದು.
- ನೌಕಾನೆಲೆಯಂಥ ಕೆಲವು ಜಾಗಗಳಲ್ಲಿ ಕ್ಯಾಮೆರಾ ಎತ್ತಲೇಬಾರದು.
- ಫೋಟೋ ತೆಗೆಯುವುದಕ್ಕಿಂತ, ಅಪರಿಚಿತರ ಫೋಟೋಕ್ಕೆ ಸುಳ್ಳು ಬರಹ ಸೇರಿಸಿ ಫಾರ್ವರ್ಡ್ ಮಾಡುವುದು ಹೆಚ್ಚು ಅಪಾಯ. ಇದರಿಂದ ನಮ್ಮ ರಾಜ್ಯದಲ್ಲೇ ಜೀವಗಳು ಹೋಗಿವೆ.

ಬೀದಿ ಫೋಟೋಗ್ರಫಿ ಅಂದರೇನು?

ಯಾರನ್ನೂ ಸಾಲಾಗಿ ನಿಲ್ಲಿಸದೆ, "ಸ್ಮೈಲ್" ಅನ್ನಿಸದೆ, ಬೀದಿಯ ಬದುಕು ಹೇಗಿದೆಯೋ ಹಾಗೆಯೇ ಸೆರೆಹಿಡಿಯುವುದು. ಇದು ಫೋಟೋಗ್ರಫಿಯಷ್ಟೇ ಹಳೆಯದು. 1838ರಲ್ಲಿ ಫ್ರಾನ್ಸಿನ ಲೂಯಿ ಡಗೇರ್ ಪ್ಯಾರಿಸ್‌ನ ಒಂದು ರಸ್ತೆಯ ಚಿತ್ರ ತೆಗೆದ. ಆಗಿನ ತಂತ್ರಕ್ಕೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಹಾಗಾಗಿ ಓಡಾಡುತ್ತಿದ್ದ ಜನ, ಗಾಡಿ ಯಾವುದೂ ಚಿತ್ರದಲ್ಲಿ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ವ್ಯಕ್ತಿಯ ಆಕಾರ ಮಾತ್ರ ಉಳಿಯಿತು. ಮನುಷ್ಯನೊಬ್ಬ ಕಾಣಿಸುವ ಅತ್ಯಂತ ಹಳೆಯ ಫೋಟೋಗಳಲ್ಲಿ ಅದೂ ಒಂದು. ಅವನಿಗೆ ತನ್ನ ಫೋಟೋ ತೆಗೆದದ್ದೇ ಗೊತ್ತಿರಲಿಕ್ಕಿಲ್ಲ!

ನಮ್ಮಲ್ಲೂ ಈ ದಾರಿಯಲ್ಲಿ ನಡೆದ ದೊಡ್ಡ ಹೆಸರಿದೆ. ಮೈಸೂರಿನ ಟಿ.ಎಸ್. ಸತ್ಯನ್ ದಶಕಗಳ ಕಾಲ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಚಿತ್ರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅಂದರೆ ಬೀದಿಯಲ್ಲಿ ಫೋಟೋ ತೆಗೆಯುವುದೇ ತಪ್ಪು ಎಂದು ತಿಳಿಯಬೇಕಿಲ್ಲ.

ಮಾತು 1: "ಅನುಮತಿ ಇಲ್ಲದೆ ರಸ್ತೆಯಲ್ಲಿ ಫೋಟೋ ತೆಗೆಯುವುದೇ ಅಪರಾಧ"

ಅರ್ಧ ಸತ್ಯ.

ರಸ್ತೆ, ಮಾರುಕಟ್ಟೆ, ಕಡಲತೀರ, ಬಸ್ ನಿಲ್ದಾಣದ ಹೊರಗಿನ ಜನಸಂದಣಿ ಇವುಗಳ ಸಾಮಾನ್ಯ ದೃಶ್ಯ ತೆಗೆಯಲು ಯಾರ ಲೈಸೆನ್ಸೂ ಬೇಕಿಲ್ಲ. ನಿಮ್ಮ ಚಿತ್ರದಲ್ಲಿ ದಾರಿಹೋಕರು ಕಂಡ ಮಾತ್ರಕ್ಕೆ ಅದು ಅಪರಾಧವಲ್ಲ. 2024ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಖಾಸಗಿತನವನ್ನು ನಿರೀಕ್ಷಿಸಲಾಗದಂಥ ಜಾಗದಲ್ಲಿ ಮಹಿಳೆಯ ಸಾಮಾನ್ಯ ಫೋಟೋ ತೆಗೆಯುವುದು "ಕದ್ದು ನೋಡುವ" ಅಪರಾಧದ ಕೆಳಗೆ ಬರುವುದಿಲ್ಲ ಎಂದಿತು. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಸಂಗತಿ ಇನ್ನೊಂದಿದೆ. ಮಹಿಳೆಯ ಘನತೆಗೆ ಕುಂದು ತರುವ ವರ್ತನೆಯ ಆರೋಪ ಅದೇ ಪ್ರಕರಣದಲ್ಲಿ ಉಳಿಯಿತು. ಆ ಕಲಮಿನ ಕೆಳಗೆ ವಿಚಾರಣೆ ಮುಂದುವರಿಯಬಹುದು ಎಂದಿತು ಕೋರ್ಟ್.

ಮಾತು 2: "ಸಾರ್ವಜನಿಕ ಸ್ಥಳ ಅಂದಮೇಲೆ ಯಾರನ್ನು ಹೇಗೆ ಬೇಕಾದರೂ ತೆಗೆಯಬಹುದು"

ಸುಳ್ಳು.

ಇದಕ್ಕೆ ಉತ್ತರ ಕೊಟ್ಟ ತೀರ್ಪಿನಲ್ಲಿ ಕರ್ನಾಟಕದ ಹೆಸರೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮನುಷ್ಯ ಬೀದಿಗೆ ಬಂದ ಮಾತ್ರಕ್ಕೆ ಖಾಸಗಿತನವನ್ನು ಮನೆಯಲ್ಲೇ ಬಿಟ್ಟು ಬಂದಂತೆ ಆಗುವುದಿಲ್ಲ ಎಂಬ ವಿಚಾರವೂ ಆ ತೀರ್ಪಿನಲ್ಲಿದೆ.

ಇನ್ನು ಶಿಕ್ಷೆಯ ಮಾತು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಪ್ರವಾಸಿಗೆ ಸಂಬಂಧಿಸಿದ ಕಲಮುಗಳು ಇವು:

- ಕಲಂ 77: ಬಟ್ಟೆ ಬದಲಿಸುವುದು, ಸ್ನಾನದಂಥ ಖಾಸಗಿ ಕ್ರಿಯೆಯಲ್ಲಿರುವ ಮಹಿಳೆಯನ್ನು ನೋಡುವುದು, ಚಿತ್ರ ತೆಗೆಯುವುದು, ಹಂಚುವುದು. ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು. ಸಮುದ್ರದಲ್ಲಿ ಆಡಿ ಬಂದವರು ಬಟ್ಟೆ ಬದಲಿಸುವ ಕೋಣೆಗಳು ಬೀಚ್‌ನಲ್ಲಿ ಇರುತ್ತವೆ, ನೆನಪಿರಲಿ.
- ಕಲಂ 78: ಬೇಡವೆಂದರೂ ಹಿಂಬಾಲಿಸುವುದು. ಮೊದಲ ಸಲಕ್ಕೆ 3 ವರ್ಷದವರೆಗೆ.
- ಕಲಂ 79: ಮಹಿಳೆಯ ಘನತೆಗೆ ಅವಮಾನ ಮಾಡುವ ಮಾತು, ಸನ್ನೆ, ಕೃತ್ಯ. 3 ವರ್ಷದವರೆಗೆ.
- ಮಾಹಿತಿ ತಂತ್ರಜ್ಞಾನ ಕಾಯ್ದೆ, ಕಲಂ 66ಇ: ಒಪ್ಪಿಗೆ ಇಲ್ಲದೆ ಯಾರದೇ ಗುಪ್ತಾಂಗದ ಚಿತ್ರ ತೆಗೆಯುವುದು, ಕಳಿಸುವುದು. ಗಂಡಸರ ಚಿತ್ರಕ್ಕೂ ಇದು ಅನ್ವಯ. 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇವು ಬರೀ ಪುಸ್ತಕದ ಮಾತಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮಹಿಳೆಯರಿಗೆ ಗೊತ್ತಿಲ್ಲದಂತೆ ವಿಡಿಯೋ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಆರೋಪದ ಮೇಲೆ ಒಬ್ಬನನ್ನು ಬನಶಂಕರಿ ಪೊಲೀಸರು ಬಂಧಿಸಿದರು. ಅದೇ ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ರಸ್ತೆಯ ಗಜಿಬಿಜಿಯನ್ನು ಚಿತ್ರಿಸುವ ನೆಪದಲ್ಲಿ ಹೆಣ್ಣುಮಕ್ಕಳನ್ನು ಹಿಂಬಾಲಿಸಿ ವಿಡಿಯೋ ಮಾಡಿದ ಆರೋಪದ ಮೇಲೆ ಇನ್ನೊಬ್ಬನ ಬಂಧನವಾಯಿತು. ವಿಡಿಯೋದಲ್ಲಿದ್ದ ಯುವತಿಯೊಬ್ಬರು, ತಮ್ಮ ಒಪ್ಪಿಗೆ ಇರಲಿಲ್ಲ, ವಿಡಿಯೋ ಹಬ್ಬಿದ ಮೇಲೆ ಅಶ್ಲೀಲ ಸಂದೇಶಗಳು ಬರತೊಡಗಿವೆ ಎಂದು ಬಹಿರಂಗವಾಗಿ ಹೇಳಿಕೊಂಡರು. ಎರಡೂ ಕಡೆ ನಡೆದದ್ದು ಸಾರ್ವಜನಿಕ ಸ್ಥಳದಲ್ಲೇ.

ಒಂದು ಸುಲಭದ ಅಳತೆ ಇಟ್ಟುಕೊಳ್ಳಿ. ನಿಮ್ಮ ಫೋಟೋದ ವಿಷಯ ಬೀದಿಯೋ, ಒಬ್ಬ ಅಪರಿಚಿತ ವ್ಯಕ್ತಿಯ ದೇಹವೋ? ರಥಬೀದಿಯ ಹೂವಿನ ಅಂಗಡಿ ಸಾಲಿನಲ್ಲಿ ನಾಲ್ಕು ಜನ ನಡೆದು ಹೋದರೆ ಅದು ಬೀದಿ. ಅವರಲ್ಲಿ ಒಬ್ಬರನ್ನೇ ಜೂಮ್ ಮಾಡಿ, ಬೆನ್ನು ಹತ್ತಿ ಹೋಗಿ ತೆಗೆದರೆ ಅದು ಬೀದಿಯಲ್ಲ. ನಿಮ್ಮ ಅಕ್ಕನನ್ನೋ ಮಗಳನ್ನೋ ಹಾಗೆ ಯಾರಾದರೂ ತೆಗೆದು ಗ್ರೂಪಿಗೆ ಹಾಕಿದರೆ ಒಪ್ಪುತ್ತೀರಾ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಮಾತು 3: "ಮೊಬೈಲ್ ತಾನೇ, ಎಲ್ಲಿ ಬೇಕಾದರೂ ತೆಗೆಯಬಹುದು"

ಸುಳ್ಳು.

ಕರಾವಳಿಯಲ್ಲಿ ಇದು ಮುಖ್ಯ. ಕಾರವಾರದ ಬಳಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. "ಸೀಬರ್ಡ್" ಯೋಜನೆಯಲ್ಲಿ ಕಟ್ಟಿದ ಇದು 2005ರಲ್ಲಿ ಕಾರ್ಯಾರಂಭ ಮಾಡಿತು. ಇಂಥ ಜಾಗಗಳಿಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಅನ್ವಯವಾಗುತ್ತದೆ. 2025ರ ಫೆಬ್ರವರಿಯಲ್ಲಿ ಈ ನೆಲೆಯ ಮಾಹಿತಿ, ಚಿತ್ರಗಳನ್ನು ಪಾಕಿಸ್ತಾನದ ಕಡೆಯವರಿಗೆ ರವಾನಿಸಿದ ಆರೋಪದ ಮೇಲೆ ಉತ್ತರ ಕನ್ನಡದ ಇಬ್ಬರನ್ನು ಎನ್‌ಐಎ ಬಂಧಿಸಿತು. ಹೆದ್ದಾರಿಯಲ್ಲಿ ಹೋಗುವಾಗ ಹಡಗು ಚೆನ್ನಾಗಿ ಕಂಡಿತೆಂದು ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. "ಛಾಯಾಚಿತ್ರ ನಿಷೇಧಿಸಲಾಗಿದೆ" ಎಂಬ ಫಲಕ ಕಂಡರೆ ಫೋನು ಜೇಬಿನಲ್ಲಿರಲಿ.

ಪಣಂಬೂರು ಬೀಚ್‌ನಲ್ಲಿ ಫೋಟೋ ತೆಗೆಯಬಹುದು. ಪಕ್ಕದ ನವಮಂಗಳೂರು ಬಂದರಿನ ಒಳಭಾಗ ಭದ್ರತಾ ವಲಯ, ಅದು ಬೇರೆ. ಡ್ರೋನ್ ಇದ್ದವರು 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಕೆಂಪು, ಹಳದಿ, ಹಸಿರು ಯಾವ ವಲಯದಲ್ಲಿದೆ ಎಂದು ನೋಡಿಯೇ ಹಾರಿಸಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪು ತಿಳಿವಳಿಕೆಯೂ ಇದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಫೋಟೋ ತೆಗೆಯುವಂತಿಲ್ಲ ಎಂದು ಹಲವರು ನಂಬಿದ್ದಾರೆ. 2018ರ ಜುಲೈನಲ್ಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಜಂತಾ ಗುಹೆ, ತಾಜ್‌ಮಹಲಿನ ಗೋರಿ ಇರುವ ಒಳಭಾಗದಂಥ ಕೆಲವನ್ನು ಬಿಟ್ಟು ಉಳಿದ ಸ್ಮಾರಕಗಳ ಆವರಣದಲ್ಲಿ ಫೋಟೋಗೆ ಅವಕಾಶ ಕೊಟ್ಟಿದೆ. ನಮ್ಮ ತರೀಕೆರೆ ತಾಲ್ಲೂಕಿನ ಅಮೃತಾಪುರದ ಹೊಯ್ಸಳ ದೇಗುಲವನ್ನು ಮೊಬೈಲ್‌ನಲ್ಲಿ ತೆಗೆಯಲು ಹಿಂಜರಿಯಬೇಕಿಲ್ಲ. ಪೂಜೆ ನಡೆಯುವ ಗರ್ಭಗುಡಿಯೊಳಗೆ ಮಾತ್ರ ಅರ್ಚಕರನ್ನು ಕೇಳಿ.

ಮಾತು 4: "ಇವರ ಫೋಟೋ ನೋಡಿ, ಮಕ್ಕಳ ಕಳ್ಳರು, ಎಲ್ಲ ಗ್ರೂಪಿಗೂ ಕಳಿಸಿ"

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

2018ರಲ್ಲಿ ದೇಶದ ಹಲವೆಡೆ ಒಂದು ವಿಡಿಯೋ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ಬಿಟ್ಟು, ಜಾಗೃತಿಯ ಬರಹ ತೋರಿಸುತ್ತಾರೆ. ಆ ಕೊನೆಯ ಭಾಗವನ್ನೇ ಯಾರೋ ಕತ್ತರಿಸಿ ಬಿಟ್ಟಿದ್ದರು.

ಇದರ ಫಲ ನಮ್ಮಲ್ಲೂ ಕಂಡಿತು. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂಬ ಗುಮಾನಿಯಲ್ಲಿ ಗುಂಪೊಂದು ಹೊಡೆದು ಕೊಂದಿತು. ಅದೇ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಬಳಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡದ ಮೇಲೆ ಜನ ಬಿದ್ದರು. ಅವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟಕ್ಕೇ ಅನುಮಾನ ಹುಟ್ಟಿತು. ಅವರ ಕಾರು ಮುಂದಿನ ಊರು ತಲುಪುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಅಲ್ಲಿ ತಲುಪಿತ್ತು. ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು, ಉಳಿದವರು ಗಾಯಗೊಂಡರು.

ಇದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಪ್ರಕಟಿಸಿತು. 2019ರ ಜನವರಿಯಲ್ಲಿ ಈ ಮಿತಿ ಇಡೀ ಜಗತ್ತಿಗೆ ಬಂತು. 2020ರ ಏಪ್ರಿಲ್‌ನಿಂದ, ತುಂಬಾ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಬರುತ್ತದೆ. ಎರಡು ಬಾಣ ಕಂಡರೆ "ಇದು ನಿಜ ಇರಬೇಕು, ಇಷ್ಟು ಜನ ಕಳಿಸಿದ್ದಾರೆ" ಅಂದುಕೊಳ್ಳಬೇಡಿ. ಕಳಿಸುತ್ತಿರುವವರು ಇದನ್ನು ಬರೆದವರಲ್ಲ, ಬರೆದವರು ಯಾರೋ ಗೊತ್ತಿಲ್ಲ ಎಂಬುದಷ್ಟೇ ಅದರ ಅರ್ಥ.

ಬೀದಿ ಫೋಟೋಗೂ ಇದಕ್ಕೂ ಏನು ಸಂಬಂಧ? ಎರಡು ದಿಕ್ಕಿನ ಸಂಬಂಧ ಇದೆ.

ಮೊದಲನೆಯದು, ನೀವು ಹೊರಗಿನವರಾಗಿ ಹೋದಾಗ. ಮಲ್ಪೆಯ ಒಂದು ಓಣಿಯಲ್ಲಿ ಆಡುತ್ತಿರುವ ಮಕ್ಕಳು ನಿಮಗೆ ಚಂದದ ಚಿತ್ರ. ಅಲ್ಲಿನವರ ಕಣ್ಣಿಗೆ ನೀವು ತಮ್ಮ ಮಕ್ಕಳ ಫೋಟೋ ತೆಗೆಯುತ್ತಿರುವ ಅಪರಿಚಿತ. ಮಕ್ಕಳ ಫೋಟೋವನ್ನು ಮನೆಯವರನ್ನು ಕೇಳದೆ ತೆಗೆಯಬೇಡಿ. ಕೇಳಲು ದೊಡ್ಡವರು ಯಾರೂ ಕಾಣದಿದ್ದರೆ ಆ ಫೋಟೋ ಬಿಟ್ಟುಬಿಡಿ.

ಎರಡನೆಯದು, ಹೊರಗಿನವರು ನಮ್ಮೂರಿಗೆ ಬಂದಾಗ. ಅಜ್ಜಂಪುರದ ಸಂತೆಗೆ ಬೆಡ್‌ಶೀಟ್ ಮಾರಲು ಬಂದವನೋ, ಕಡೂರು ಸ್ಟೇಷನ್ನಿನಲ್ಲಿ ಭಾಷೆ ಬಾರದೆ ನಿಂತಿರುವವನೋ, ತೋಟದ ಕೆಲಸಕ್ಕೆ ಉತ್ತರದ ಕಡೆಯಿಂದ ಬಂದವನೋ ಇರಬಹುದು. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಅಪಾಯದಲ್ಲಿರುವ ಮಗುವಿನ ವಿಷಯವಾದರೆ 1098 ಮಕ್ಕಳ ಸಹಾಯವಾಣಿಯೂ ಇದೆ. ಆ ಮನುಷ್ಯನ ಫೋಟೋ ತೆಗೆದು "ಹುಷಾರ್" ಎಂದು ಬರೆದು ಗ್ರೂಪಿಗೆ ಹಾಕಿದರೆ, ಅವನು ಮುಂದಿನ ಊರು ಮುಟ್ಟುವಷ್ಟರಲ್ಲಿ ಏನಾಗುತ್ತದೋ ನಿಮ್ಮ ಕೈಯಲ್ಲಿರುವುದಿಲ್ಲ. ಭಯ, ಗಲಭೆ ಹುಟ್ಟಿಸುವ ಸುಳ್ಳು ಸುದ್ದಿ, ವದಂತಿ ಹರಡುವುದಕ್ಕೆ ನ್ಯಾಯ ಸಂಹಿತೆಯ ಕಲಂ 353ರಲ್ಲಿ 3 ವರ್ಷದವರೆಗೆ ಶಿಕ್ಷೆ ಇದೆ.

ಮಾತು 5: "ಫೋಟೋ ಕಳಿಸಿದರೆ ಅದರೊಳಗೆ ನಿಮ್ಮ ವಿಳಾಸವೂ ಹೋಗುತ್ತದೆ"

ಅರ್ಧ ಸತ್ಯ.

ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಪ್ರತಿ ಫೋಟೋದ ಕಡತದೊಳಗೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಕ್ಷಾಂಶ–ರೇಖಾಂಶದಲ್ಲಿ ತೆಗೆದದ್ದು ಎಂಬ ಮಾಹಿತಿ ಸೇರಿಕೊಳ್ಳುತ್ತದೆ. ಇದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಫೋಟೋ ಕಳಿಸಿದರೆ ಚಿತ್ರ ಕುಗ್ಗುವಾಗ ಲೊಕೇಶನ್ ಕಳಚಿಹೋಗುತ್ತದೆ. ಆದರೆ "ಕ್ಲಾರಿಟಿ ಚೆನ್ನಾಗಿರಲಿ" ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ, ಇಮೇಲ್ ಮಾಡಿದರೆ, ಮೂಲ ಕಡತದ ಜೊತೆ ಆ ಮಾಹಿತಿಯೂ ಹೋಗುತ್ತದೆ. ಬೇಡವಾದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ.

ನಿಜವಾದ ಸೋರಿಕೆ ಬೇರೆ ಕಡೆ ಇದೆ. "ಮನೆಮಂದಿಯೆಲ್ಲ ಮೂರು ದಿನ ಮಂಗಳೂರು" ಎಂದು ಪ್ರವಾಸದಲ್ಲಿರುವಾಗಲೇ ಸ್ಟೇಟಸ್ ಹಾಕಿದರೆ ಮನೆಗೆ ಬೀಗ ಬಿದ್ದಿದೆ ಎಂದು ಊರಿಗೆಲ್ಲ ಹೇಳಿದಂತೆ. ಫೋಟೋ ಹಾಕುವ ಕೆಲಸ ಮನೆಗೆ ಮರಳಿದ ಮೇಲೆ ಮಾಡಿದರೂ ಲೈಕ್ ಕಡಿಮೆಯಾಗುವುದಿಲ್ಲ.

ಮಾತು 6: "ಫೋಟೋ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ"

ಸುಳ್ಳು.

ಕ್ಯಾಮೆರಾ ಯಾರಿಂದಲೂ ಏನನ್ನೂ ಎಳೆದುಕೊಳ್ಳುವುದಿಲ್ಲ. ಸೂರ್ಯನ ಬೆಳಕು ಮುಖಕ್ಕೆ ತಾಗಿ ಚಿಮ್ಮುತ್ತದೆ. ಹೇಗಿದ್ದರೂ ಚಿಮ್ಮುವ ಆ ಬೆಳಕಿನ ಒಂದು ಪಾಲು ಲೆನ್ಸ್ ಮೂಲಕ ಸೆನ್ಸರ್ ಮೇಲೆ ಬೀಳುತ್ತದೆ. ಎದುರಿಗೆ ಕೂತವರ ಕಣ್ಣು ಮಾಡುವ ಕೆಲಸವೂ ಇದೇ. ಈ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಕ್ಯಾಮೆರಾ ಹೊಸದಾಗಿ ಹೋದ ಅನೇಕ ದೇಶಗಳಲ್ಲಿತ್ತು. ಫೋಟೋ ಅಪರೂಪವಾಗಿದ್ದ ಕಾಲದಲ್ಲಿ ಗೋಡೆಯ ಮೇಲಿನ ಚಿತ್ರಕ್ಕೆ ಹಾರ ಬಿದ್ದಿದ್ದರೆ ಅದು ತೀರಿಕೊಂಡವರದ್ದೇ ಆಗಿರುತ್ತಿತ್ತು. ಫೋಟೋಗೂ ಸಾವಿಗೂ ಮನಸ್ಸಿನಲ್ಲಿ ಗಂಟು ಬೀಳಲು ಅಷ್ಟು ಸಾಕು.

ಆದರೂ ಒಬ್ಬ ಅಜ್ಜಿ "ಬೇಡ ಮಗಾ" ಎಂದರೆ ವಿಜ್ಞಾನ ಹೇಳಲು ಕೂರಬೇಡಿ. ಬೇಡ ಅನ್ನುವುದಕ್ಕೆ ಅವರು ಕಾರಣ ಕೊಡಬೇಕಿಲ್ಲ.

ಮಾತು 7: "ಕರಾವಳಿಯ ಗಾಳಿಗೆ ಕ್ಯಾಮೆರಾ ಕೆಟ್ಟುಹೋಗುತ್ತದೆ, ಫೋಟೋ ಮಬ್ಬಾಗಿಯೇ ಬರುತ್ತದೆ"

ಅರ್ಧ ಸತ್ಯ. ಮಬ್ಬಿಗೆ ಎರಡು ಬೇರೆ ಬೇರೆ ಕಾರಣಗಳಿವೆ.

ಒಂದು, ತೇವ. ಕಡೂರು, ಅಜ್ಜಂಪುರ ಬಯಲು ಸೀಮೆಯ ಒಣ ಗಾಳಿಯ ಊರುಗಳು. ಕರಾವಳಿಯ ಗಾಳಿಯಲ್ಲಿ ನೀರಾವಿ ಹೆಚ್ಚು. 30 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 75 ತೇವಾಂಶ ಇರುವ ಗಾಳಿ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿಗೆ ತಾಗಿದರೂ ಅದರ ಮೇಲೆ ಇಬ್ಬನಿ ಕೂರುತ್ತದೆ. ಎಸಿ ಬಸ್ಸಿನಲ್ಲಿ ನಿಮ್ಮ ಫೋನು 21–22 ಡಿಗ್ರಿಗೆ ತಣ್ಣಗಾಗಿರುತ್ತದೆ. ಇಳಿದ ಕೂಡಲೇ ಲೆನ್ಸ್ ಮಂಜಾಗಲು ಇದೇ ಕಾರಣ. ಲೋಟದಲ್ಲಿ ತಣ್ಣೀರು ಹಾಕಿದಾಗ ಹೊರಗೆ ಹನಿ ಕೂರುವ ಹಾಗೆ. ಹತ್ತು–ಹದಿನೈದು ನಿಮಿಷ ಬಿಟ್ಟರೆ ತಾನಾಗಿ ಹೋಗುತ್ತದೆ. ಕ್ಯಾಮೆರಾ ಕೆಟ್ಟಿಲ್ಲ.

ಇನ್ನೊಂದು, ಉಪ್ಪು. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಲೆನ್ಸಿನ ಮೇಲೆ ಒಣಗಿ ಉಪ್ಪಿನ ಪರೆ ಕಟ್ಟುತ್ತವೆ. ಇದು ತಾನಾಗಿ ಹೋಗುವುದಿಲ್ಲ, ಒರೆಸಬೇಕು. ಆದರೆ ಮರಳು ಮೆತ್ತಿದ ಲುಂಗಿಯ ತುದಿಯಿಂದಲೋ ಟವೆಲ್‌ನಿಂದಲೋ ಅಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ಅಡುಗೆ ಉಪ್ಪು ಸುಮಾರು 2.5, ಸಾಮಾನ್ಯ ಗಾಜು 5.5ರ ಆಸುಪಾಸು, ಮರಳಿನಲ್ಲಿರುವ ಸ್ಫಟಿಕ ಶಿಲೆ 7. ಹಾಗಾಗಿ ಗಾಜಿಗೆ ಗೀರು ಬೀಳಿಸುವುದು ಉಪ್ಪಲ್ಲ, ಮರಳು. ಮೊದಲು ಊದಿ ಮರಳು ತೆಗೆಯಿರಿ. ಆಮೇಲೆ ಕನ್ನಡಕ ಒರೆಸುವ ಮೆದು ಬಟ್ಟೆಯನ್ನು ಸಿಹಿನೀರಿನಲ್ಲಿ ತುಸು ಒದ್ದೆ ಮಾಡಿ ಒರೆಸಿ.

ಮಾತು 8: "ವಾಟರ್‌ಪ್ರೂಫ್ ಫೋನ್ ಸಮುದ್ರಕ್ಕೂ ಇಳಿಸಬಹುದು; ಒದ್ದೆಯಾದರೆ ಅಕ್ಕಿಯಲ್ಲಿಡಿ"

ಎರಡೂ ಸುಳ್ಳು.

ಫೋನಿನ ಡಬ್ಬಿಯ ಮೇಲಿರುವ ಐಪಿ68 ಎಂಬ ಗುರುತು ಸಿಹಿನೀರಿನಲ್ಲಿ, ಅಲುಗದ ತೊಟ್ಟಿಯಲ್ಲಿ, ಇಂತಿಷ್ಟು ಆಳಕ್ಕೆ, ಇಂತಿಷ್ಟು ಹೊತ್ತಿಗೆ ಮಾಡಿದ ಪರೀಕ್ಷೆಯದ್ದು. ಸಮುದ್ರದ ಅಲೆಯ ಹೊಡೆತ ಬೇರೆ, ಉಪ್ಪು ನೀರು ಬೇರೆ. ಉಪ್ಪು ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಲೋಹ ಬೇಗ ತುಕ್ಕು ಹಿಡಿಯುತ್ತದೆ.

ಅಕ್ಕಿಯ ವಿಷಯದಲ್ಲಿ ಆ್ಯಪಲ್ ಕಂಪನಿ ಹಾಗೆ ಮಾಡಬೇಡಿ ಎಂದೇ ಹೇಳಿದೆ. ಅಕ್ಕಿಯ ಪುಡಿ, ಧೂಳು ಒಳಗೆ ಸೇರಿ ಇನ್ನಷ್ಟು ಹಾಳು ಮಾಡಬಹುದು. ಫೋನು ಒದ್ದೆಯಾದರೆ ಕೂಡಲೇ ಆಫ್ ಮಾಡಿ. ಚಾರ್ಜಿಂಗ್ ತೂತು ಕೆಳಗೆ ಬರುವಂತೆ ಹಿಡಿದು ಮೆಲ್ಲಗೆ ತಟ್ಟಿ. ಗಾಳಿಯಾಡುವ ಒಣ ಜಾಗದಲ್ಲಿಡಿ. ಪೂರ್ತಿ ಒಣಗುವವರೆಗೆ ಚಾರ್ಜರ್ ಚುಚ್ಚಬೇಡಿ. ಹೇರ್ ಡ್ರೈಯರ್ ಬಿಸಿಗಾಳಿ ಬೇಡ.

ಮಾತು 9: "ಅಲೆ ಇಲ್ಲದ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಅಪಾಯ ಇಲ್ಲ"

ಸುಳ್ಳು. ಬಹಳ ಅಪಾಯದ ಸುಳ್ಳು.

ದಡಕ್ಕೆ ನುಗ್ಗಿದ ನೀರು ಮರಳಿ ಹೋಗಲೇಬೇಕು. ಅದು ಒಂದು ಕಿರಿದಾದ ದಾರಿ ಹಿಡಿದು ರಭಸವಾಗಿ ಒಳಕ್ಕೆ ಹರಿಯುತ್ತದೆ. ಎರಡು ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ಶಾಂತವಾಗಿ, ತುಸು ಕಪ್ಪಾಗಿ ಕಾಣುವ ಪಟ್ಟಿ ಇದ್ದರೆ ಬಹುಪಾಲು ಅದೇ ಆ ಸೆಳೆತದ ದಾರಿ. ಕೆರೆ, ಚಾನಲ್ ನೋಡಿ ಬೆಳೆದ ನಮಗೆ ಶಾಂತ ನೀರು ಅಂದರೆ ಸುರಕ್ಷಿತ ಅನ್ನಿಸುತ್ತದೆ. ಕಡಲಿನಲ್ಲಿ ಲೆಕ್ಕ ತಿರುಗಮುರುಗ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಸೆಲ್ಫಿ ಸಾವುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಜಗತ್ತಿನಲ್ಲಿ ವರದಿಯಾದ 259 ಸಾವುಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ 159 ಭಾರತದವು. ಕಾರಣಗಳಲ್ಲಿ ಮೊದಲ ಸ್ಥಾನ ನೀರಿನಲ್ಲಿ ಮುಳುಗುವುದು.

ಫೋಟೋಗಾಗಿ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬೇಡಿ. ಅಲೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ, ನಡುನಡುವೆ ದೊಡ್ಡವು ಬರುತ್ತವೆ. ಪಾಚಿ ಕಟ್ಟಿದ ಬಂಡೆಯ ತುದಿಗೆ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಅದು ಮೀನಿನ ಸಂತಾನ ಉಳಿಸಲು ಇರುವ ನಿಯಮ, ಆದರೆ ಕಡಲು ಅತಿ ಒರಟಾಗಿರುವ ಮಳೆಗಾಲವೂ ಅದೇ. ಆಗ ದಡದಲ್ಲೇ ನಿಂತು ಫೋಟೋ ತೆಗೆಯಿರಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರವಾಗಿ ಗುದ್ದಾಡಬೇಡಿ. ಕೈ ಎತ್ತಿ ಕೂಗಿ ಕರೆಯಿರಿ, ತೇಲಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಎಲ್ಲಕ್ಕಿಂತ ಮೊದಲು, ಜೀವರಕ್ಷಕರ ಮಾತು ಕೇಳಿ.

ಕೇಳಿ ತೆಗೆಯುವುದು ಹೇಗೆ?

ಬೆಳಗಿನ ಹೊತ್ತು ದಕ್ಕೆಗೆ ಹೋದರೆ ದೋಣಿಯಿಂದ ಮೀನು ಇಳಿಯುವುದು, ಹರಾಜು ಕೂಗುವುದು, ಬುಟ್ಟಿ ಹೊತ್ತು ಓಡುವುದು ಎಲ್ಲ ಒಟ್ಟಿಗೇ ಕಾಣುತ್ತದೆ. ಅದು ಅವರ ದುಡಿಮೆಯ ಹೊತ್ತು. ದಾರಿಗೆ ಅಡ್ಡ ನಿಲ್ಲಬೇಡಿ. ಮೂಗು ಮುಚ್ಚಿಕೊಂಡು ಸೆಲ್ಫಿ ತೆಗೆಯಬೇಡಿ, ಅದು ಅವರ ಅನ್ನಕ್ಕೆ ಮಾಡುವ ಅವಮಾನ.

ಮೀನು ಮಾರುವ ಅಕ್ಕನ ಹತ್ತಿರದ ಚಿತ್ರ ಬೇಕಿದ್ದರೆ ಮೊದಲು ಮಾತಾಡಿಸಿ. "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂದರೆ ಸಾಕು. ತುಳುವಿನಲ್ಲಿ "ಒಂಜಿ ಫೋಟೋ ದೆಪ್ಪೊಲಿಯಾ?" ಎಂದು ಕೇಳಿದರೆ ನಗು ಉಚಿತ. ತೆಗೆದ ಮೇಲೆ ಅವರಿಗೆ ತೋರಿಸಿ. ಅಳಿಸಿ ಎಂದರೆ ಅವರ ಎದುರೇ ಅಳಿಸಿ. ಗ್ಯಾಲರಿಯಲ್ಲಿ ಅಳಿಸಿದ್ದು ಹೆಚ್ಚಿನ ಫೋನುಗಳಲ್ಲಿ ಸುಮಾರು 30 ದಿನ ಕಸದ ಫೋಲ್ಡರಿನಲ್ಲಿ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಯಿರಿ. ಹಾಗೆಂದು ಯಾರೋ ದಾರಿಹೋಕರು ನಿಮ್ಮ ಫೋನು ಕಿತ್ತುಕೊಳ್ಳುವಂತಿಲ್ಲ. ಮಾತು ಬೆಳೆದರೆ ಜಗಳಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ.

ಭೂತಕೋಲ, ನಾಗಾರಾಧನೆ ನೋಡಲು ಸಿಕ್ಕರೆ ಅದನ್ನು ವೇದಿಕೆಯ ಕಾರ್ಯಕ್ರಮ ಎಂದುಕೊಳ್ಳಬೇಡಿ. ಅದು ಆರಾಧನೆ. ಫೋಟೋ ತೆಗೆಯಬಹುದೇ ಎಂದು ಆ ಮನೆಯವರನ್ನೋ ದೈವಸ್ಥಾನದವರನ್ನೋ ಮೊದಲೇ ಕೇಳಿ. ಚರ್ಚು, ಮಸೀದಿ, ಬಸದಿ ಎಲ್ಲಕ್ಕೂ ಇದೇ ಮಾತು.

ಫಾರ್ವರ್ಡ್ ಒತ್ತುವ ಮುನ್ನ ಐದು ಪ್ರಶ್ನೆ

1. ಈ ಫೋಟೋದಲ್ಲಿರುವವರು ಇದನ್ನು ಹಂಚಲು ಒಪ್ಪಿದ್ದಾರೆಯೇ? ಒಪ್ಪುತ್ತಾರೆಯೇ?
2. ಎಲ್ಲಿ, ಯಾವಾಗ ತೆಗೆದದ್ದು ಎಂದು ಗೊತ್ತೇ? ಗೊತ್ತಿಲ್ಲದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಹಳೆಯ ಚಿತ್ರ, ಬೇರೆ ದೇಶದ ಚಿತ್ರ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ.
3. ಬರಹ ಮತ್ತು ಚಿತ್ರ ಒಂದಕ್ಕೊಂದು ಹೊಂದುತ್ತವೆಯೇ? ಅಂಗಡಿ ಫಲಕದ ಭಾಷೆ, ವಾಹನದ ನಂಬರ್ ಪ್ಲೇಟ್ ನೋಡಿ.
4. ಇದು ಸುಳ್ಳಾಗಿದ್ದರೆ ಯಾರಿಗೆ ಪೆಟ್ಟು ಬೀಳುತ್ತದೆ?
5. ಇದನ್ನು ಗ್ರೂಪಿಗೆ ಹೇಳಬೇಕೋ, ಪೊಲೀಸರಿಗೆ ಹೇಳಬೇಕೋ?

ನಿಮ್ಮದೇ ಫೋಟೋವನ್ನು ಯಾರಾದರೂ ಒಪ್ಪಿಗೆ ಇಲ್ಲದೆ ಕೆಟ್ಟದಾಗಿ ಬಳಸಿದ್ದರೆ ಸ್ಕ್ರೀನ್‌ಶಾಟ್ ಮತ್ತು ಲಿಂಕ್ ಉಳಿಸಿಕೊಳ್ಳಿ. ಆಮೇಲೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಸಹಾಯವಾಣಿ 1930 ಇದೆ. ನಾಚಿಕೆಪಟ್ಟು ಸುಮ್ಮನಿರಬೇಡಿ, ತಪ್ಪು ಮಾಡಿದವರು ನೀವಲ್ಲ.

ಈ ಲೇಖನವನ್ನು ಕಳಿಸುವುದಾದರೆ, ಪ್ರವಾಸಕ್ಕೆ ಮಾಡಿಕೊಂಡ ಗ್ರೂಪಿಗೆ ಹೊರಡುವ ಹಿಂದಿನ ದಿನವೇ ಕಳಿಸಿ. ಬೀಚ್ ತಲುಪಿದ ಮೇಲೆ ಯಾರೂ ಓದುವುದಿಲ್ಲ.